ಓದುಗರ ಪ್ರಶ್ನೆಗಳು: ಬೆನ್ನ ಹಿಂದೆ ಬರುವ ಗಾಡಿ

ಬೆಂಗಳೂರಿನ ರಾತ್ರಿ ತಪಾಸಣೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದಿದಾಗ ಹೆಚ್ಚಿನವರ ಮನಸ್ಸನ್ನು ಕಾಡುತ್ತಿರುವುದು ಒಂದೇ ವಿಷಯವೆಂದು ತಿಳಿಯಿತು. ವಾಹನ ನಿಲ್ಲಿಸಲು ರಸ್ತೆಗೆ ಇಳಿಯುವ ಸಂಚಾರ ಪೊಲೀಸರ ಜೀವಕ್ಕೆ ಎಷ್ಟು ಅಪಾಯವಿದೆ, ಅದನ್ನು ಕಡಿಮೆ ಮಾಡಲು ಅವರೂ ನಾವೂ ಏನು ಮಾಡಬಹುದು ಎಂಬುದೇ ಆ ವಿಷಯ. ಸಂಚಾರ ವಿಭಾಗದಲ್ಲಿ ಹಲವು ವರ್ಷ ದುಡಿದು ನಿವೃತ್ತನಾದ ನನಗೆ ಇದು ಬಹಳ ಹತ್ತಿರದ ಸಂಗತಿಯಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ಸಂಚಾರ ಠಾಣೆಯೊಂದರಲ್ಲಿ ಹೆಡ್ ಕಾನ್‌ಸ್ಟೆಬಲ್. ವಾರದ ಕೊನೆಯ ರಾತ್ರಿಗಳಲ್ಲಿ ಕುಡಿದು ಓಡಿಸುವವರ ತಪಾಸಣೆಗೆ ಹೋದರೆ ಮನೆಗೆ ಬರುವಾಗ ಎರಡೂವರೆ, ಮೂರು ಗಂಟೆಯಾಗುತ್ತದೆ. ಕುಡಿದವರು ಜಗಳಕ್ಕೆ ಬಂದು ಹೊಡೆದರೆ ಏನು ಗತಿ ಎಂಬುದೇ ನನ್ನ ಭಯ. ನಿಜವಾಗಿ ದೊಡ್ಡ ಅಪಾಯ ಯಾವುದು? ಮನೆಯಲ್ಲಿರುವ ನಾನು ಅವರಿಗೆ ಏನು ಹೇಳಿ ಕಳುಹಿಸಬಹುದು?
— ಹೆಸರು ಬೇಡ, ಯಲಹಂಕ

ಉತ್ತರ: ಅಮ್ಮಾ, ನಿಮ್ಮ ಭಯ ಸಹಜವಾದದ್ದು. ಆದರೆ ಅಪಾಯ ಹೆಚ್ಚಾಗಿ ಬರುವುದು ಬೇರೆ ದಿಕ್ಕಿನಿಂದ. ನಿಲ್ಲಿಸಿದ ಗಾಡಿಯ ಚಾಲಕನ ಮೇಲೆ ಪೊಲೀಸರ ಕಣ್ಣಿರುತ್ತದೆ. ಅವನು ಕೈಯೆತ್ತಿದರೆ ತಡೆಯಲು ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ. ಯಾರ ಕಣ್ಣೂ ಇಲ್ಲದಿರುವುದು ಹಿಂದಿನಿಂದ ಬರುತ್ತಿರುವ, ಈ ತಪಾಸಣೆಗೆ ಸಂಬಂಧವೇ ಇಲ್ಲದ ಇನ್ನೊಂದು ಗಾಡಿಯ ಮೇಲೆ.

ನಾವು ರಸ್ತೆಯ ಎಡಕ್ಕೆ ಓಡಿಸುವವರು. ಗಾಡಿಯನ್ನು ಎಡಕ್ಕೆ ನಿಲ್ಲಿಸುತ್ತೇವೆ. ಚಾಲಕ ಕೂರುವುದು ಬಲಕ್ಕೆ. ಹಾಗಾಗಿ ಚಾಲಕನ ಕಿಟಕಿಯ ಬಳಿ ಮಾತಾಡಲು ನಿಲ್ಲುವ ಪೊಲೀಸ್ ಸಿಬ್ಬಂದಿ ತಮಗೆ ಅರಿವಿಲ್ಲದೆಯೇ ವಾಹನಗಳು ಓಡುವ ಲೇನಿನಲ್ಲಿ, ಅವುಗಳಿಗೆ ಬೆನ್ನು ಕೊಟ್ಟು ನಿಂತಿರುತ್ತಾರೆ. ನಾನೂ ಒಂದು ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಟೆಂಪೊ ಒಂದನ್ನು ನಿಲ್ಲಿಸಿ, ಅದರ ಚಾಲಕನ ಲೈಸೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದು ಓದುತ್ತಿದ್ದೆ. ಜೊತೆಯಲ್ಲಿದ್ದ ಹಿರಿಯ ಎ.ಎಸ್.ಐ. ಒಬ್ಬರು ಏನನ್ನೂ ಹೇಳದೆ ನನ್ನ ಬೆಲ್ಟು ಹಿಡಿದು ಟೆಂಪೊದ ಬಾಗಿಲಿಗೆ ಒತ್ತಿದರು. ಅದೇ ಕ್ಷಣದಲ್ಲಿ ಕಾರೊಂದರ ಎಡಗನ್ನಡಿ ನನ್ನ ಎಡ ಮೊಣಕೈಗೆ ಬಡಿದು ಒಡೆಯಿತು. ಕಾರು ನಿಲ್ಲಲಿಲ್ಲ. ಲೈಸೆನ್ಸ್ ಇನ್ನೂ ನನ್ನ ಕೈಯಲ್ಲೇ ಇತ್ತು, ಕನ್ನಡಿಯ ಚೂರುಗಳು ನನ್ನ ಬೂಟಿನ ಮೇಲೆ ಬಿದ್ದಿದ್ದವು. ಒಂದು ಗೇಣು ಹಿಂದೆ ನಿಂತಿದ್ದರೆ ಇವತ್ತು ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನಾನಿರುತ್ತಿರಲಿಲ್ಲ.

ಆ ಹಿರಿಯರು ಅಂದು ಕಲಿಸಿದ್ದನ್ನು ನಾನು ಕೊನೆಯವರೆಗೂ ಪಾಲಿಸಿದೆ, ನನ್ನ ಕೈಕೆಳಗಿನ ಹುಡುಗರಿಗೂ ಹೇಳಿದೆ. ಚಾಲಕನೊಂದಿಗೆ ಮಾತಾಡಬೇಕಾದರೆ ಎಡಗಡೆಯ, ಅಂದರೆ ಫುಟ್‌ಪಾತ್ ಕಡೆಯ ಕಿಟಕಿಗೆ ಹೋಗಬೇಕು. ಅಲ್ಲಿ ನಿಂತರೆ ಇಡೀ ಗಾಡಿ ನಮಗೆ ಅಡ್ಡಗೋಡೆಯಾಗುತ್ತದೆ, ಮುಖ ರಸ್ತೆಯ ಕಡೆಗಿರುವುದರಿಂದ ಬರುವ ವಾಹನಗಳೂ ಕಾಣುತ್ತವೆ. ನಿಲ್ಲಿಸಿದ ಎರಡು ಗಾಡಿಗಳ ನಡುವಿನ ಸಂದಿನಲ್ಲಿ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು. ಹಿಂದಿನ ಗಾಡಿಗೆ ಏನಾದರೂ ಗುದ್ದಿದರೆ ಆ ಸಂದು ಮುಚ್ಚಿಹೋಗುತ್ತದೆ, ಮಧ್ಯದಲ್ಲಿದ್ದವರ ಕಾಲುಗಳು ಉಳಿಯುವುದಿಲ್ಲ.

ಇನ್ನು ದೂರದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಚಾಲಕ ಕಂಡು, ಗ್ರಹಿಸಿ, ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ ಕಾರು ಅಷ್ಟರಲ್ಲೇ 25 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆಯಲ್ಲಿಯೂ ಪೂರ್ತಿ ನಿಲ್ಲಲು ಇನ್ನೂ 20 ಮೀಟರ್ ಬೇಕು. ವಿಮಾನ ನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ರಾತ್ರಿ ಹೊತ್ತು 80ರ ವೇಗವೆಂದರೆ ಯಾರಿಗೂ ಹೆಚ್ಚೆನಿಸುವುದಿಲ್ಲ, ಆದರೆ ಆ ವೇಗದಲ್ಲಿ ಕಾರು ನಿಲ್ಲಲು ಒಟ್ಟು 70 ಮೀಟರಿನಷ್ಟು ಬೇಕು. ಮಳೆ ಬಿದ್ದ ರಸ್ತೆಯಲ್ಲಿ ಇದು ಇನ್ನೂ ಹೆಚ್ಚುತ್ತದೆ, ಕುಡಿದವನ ವಿಷಯದಲ್ಲಂತೂ ಆ ಒಂದೂವರೆ ಸೆಕೆಂಡಿನ ಲೆಕ್ಕವೇ ನಿಲ್ಲುವುದಿಲ್ಲ. ಕುಡಿದವರನ್ನು ಹಿಡಿಯಲು ಹಾಕಿದ ಬ್ಯಾರಿಕೇಡಿನ ಕಡೆಗೆ ಬರುತ್ತಿರುವವರಲ್ಲಿ ಕುಡಿದವರೂ ಇರುತ್ತಾರೆ ಎಂಬುದನ್ನು ಮರೆತು, ಬ್ಯಾರಿಕೇಡಿಗೆ ಹತ್ತು ಹೆಜ್ಜೆ ಮುಂದೆ ಒಂದೇ ಒಂದು ಕೋನ್ ಇಟ್ಟು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವೇಗದ ರಸ್ತೆಯಲ್ಲಿ ಮೊದಲ ಕೋನ್ 100 ಮೀಟರಿಗಿಂತ ಹಿಂದೆಯೇ ಇರಬೇಕು.

ನೀವು ಏನು ಹೇಳಿ ಕಳುಹಿಸಬಹುದು ಎಂದು ಕೇಳಿದ್ದೀರಿ. ಮೊದಲನೆಯದಾಗಿ ಅವರ ರಿಫ್ಲೆಕ್ಟರ್ ಜಾಕೆಟ್ಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಬೆಳ್ಳಿಬಣ್ಣದ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ, ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವುದು ಅವುಗಳ ಕೆಲಸ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ ಬ್ರಷ್ಷಿನಿಂದ ಉಜ್ಜಿದರೆ ಆ ಮಣಿಗಳು ಉದುರುತ್ತವೆ. ಜಾಕೆಟ್ಟು ಹಗಲಿನಲ್ಲಿ ಹೊಳೆಯುವಂತೆ ಕಂಡರೂ ರಾತ್ರಿ ಸತ್ತಂತಿರುತ್ತದೆ. ಮೆತ್ತಗೆ ನೆನೆಸಿ, ಕೈಯಲ್ಲೇ ಹಿಂಡದೆ ಒಗೆಯಿರಿ. ಎರಡನೆಯದು ಮಳೆಗಾಲದ ಮಾತು: ಮಳೆ ಶುರುವಾದ ಕೂಡಲೇ ನಮ್ಮವರು ಜಾಕೆಟ್ಟಿನ ಮೇಲೆ ರೇನ್‌ಕೋಟ್ ಹಾಕಿಕೊಳ್ಳುತ್ತಾರೆ. ಅತ್ಯಂತ ಕಡಿಮೆ ಕಾಣುವ ಹೊತ್ತಿನಲ್ಲಿ ಕಾಣಿಸಬೇಕಾದ ಪಟ್ಟಿಯನ್ನೇ ಮುಚ್ಚಿಕೊಂಡಂತಾಗುತ್ತದೆ. ರೇನ್‌ಕೋಟ್ ಒಳಗೆ, ಜಾಕೆಟ್ಟು ಹೊರಗೆ ಇರಬೇಕು. ಇದಕ್ಕಾಗಿ ಒಂದು ಅಳತೆ ದೊಡ್ಡ ಜಾಕೆಟ್ಟು ಕೇಳಿ ಪಡೆಯಲಿ.

ಮೂರನೆಯ ಮಾತನ್ನು ಅವರು ತಮ್ಮ ಪಿ.ಎಸ್.ಐ. ಬಳಿ ಹೇಳಲಿ. ದಂಡದ ಯಂತ್ರ ಹಿಡಿದವರ ತಲೆ ಕೆಳಗಿರುತ್ತದೆ, ಪರದೆಯ ಬೆಳಕು ಕಣ್ಣಿಗೆ ಹೊಡೆದು ಸುತ್ತಲಿನ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ. ಆದ್ದರಿಂದ ಒಬ್ಬರು ಬರೆಯುತ್ತಿದ್ದರೆ ಇನ್ನೊಬ್ಬರು ಬೇರೆ ಯಾವ ಕೆಲಸವನ್ನೂ ಮಾಡದೆ ಬರುವ ವಾಹನಗಳನ್ನೇ ನೋಡುತ್ತಿರಬೇಕು, ಗಾಡಿಯೊಂದು ಗೆರೆ ತಪ್ಪಿದರೆ ಸೀಟಿ ಊದಬೇಕು. ಸಿಬ್ಬಂದಿ ಕೊರತೆಯಿಂದಾಗಿ ಈ ನೋಡುವವರನ್ನೇ ಮೊದಲು ಬೇರೆ ಕೆಲಸಕ್ಕೆ ಹಚ್ಚುತ್ತಾರೆ. ಅದು ತಪ್ಪು ಎಂದು ನಾನು ಸೇವೆಯಲ್ಲಿದ್ದಾಗಲೂ ವಾದಿಸಿದ್ದೇನೆ, ಈಗಲೂ ಹೇಳುತ್ತೇನೆ.

ಪ್ರಶ್ನೆ: ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತೇನೆ. ಪೊಲೀಸರು ಕೈ ತೋರಿಸಿದರೆ ಅಲ್ಲೇ ತಕ್ಷಣ ನಿಲ್ಲಿಸಬೇಕೆ? ಕಾರಿನಿಂದ ಇಳಿಯಬೇಕೆ? ಫ್ಲೈಓವರಿನ ಮೇಲೆ ನಿಲ್ಲಿಸಲು ಹೇಳಿದರೆ ಏನು ಮಾಡಲಿ?
— ಓದುಗರೊಬ್ಬರು, ಮಾರತ್ತಹಳ್ಳಿ

ಉತ್ತರ: ನಿಲ್ಲಿಸಲೇಬೇಕು, ಆದರೆ ತಕ್ಷಣ ಬ್ರೇಕ್ ಒತ್ತಿ ಲೇನಿನ ಮಧ್ಯೆ ನಿಲ್ಲಬೇಕೆಂದು ಯಾರೂ ಬಯಸುವುದಿಲ್ಲ. ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ಸೂಚನೆಯನ್ನು ಪಾಲಿಸುವುದು ಮೋಟಾರು ವಾಹನಗಳ ಕಾಯ್ದೆಯ 119ನೆಯ ಕಲಮಿನಂತೆ ನಮ್ಮ ಕರ್ತವ್ಯ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕೆಂದು 130ನೆಯ ಕಲಂ ಹೇಳುತ್ತದೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ದಾಖಲೆಯೂ ನಡೆಯುತ್ತದೆ.

ಸೂಚನೆ ಕಂಡಿತು ಎಂದು ಅವರಿಗೆ ಗೊತ್ತಾಗುವಂತೆ ಮೊದಲು ಎಡ ಇಂಡಿಕೇಟರ್ ಹಾಕಿ, ವೇಗ ಇಳಿಸಿ. ಎಡಕ್ಕೆ ಎಷ್ಟು ಸಾಧ್ಯವೋ ಅಷ್ಟು ಸರಿದು ನಿಲ್ಲಿಸಿ, ಅರ್ಧ ಗಾಡಿ ರಸ್ತೆಯ ಮೇಲಿದ್ದರೆ ನಿಮ್ಮೊಂದಿಗೆ ಮಾತಾಡಲು ಬರುವವರೂ ರಸ್ತೆಯ ಮೇಲೇ ನಿಲ್ಲಬೇಕಾಗುತ್ತದೆ. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಮಿನುಗುವಂತೆ ಮಾಡಿ, ಕಾರಿನೊಳಗಿನ ದೀಪ ಹಾಕಿ, ಎಂಜಿನ್ ಆರಿಸಿ, ಎಡಗಡೆಯ ಕಿಟಕಿಯನ್ನು ಇಳಿಸಿ. ಈ ಕೊನೆಯದನ್ನು ನೀವೇ ಮೊದಲು ಮಾಡಿದರೆ ಅವರು ತಾವಾಗಿಯೇ ಸುರಕ್ಷಿತ ಬದಿಗೆ ಬರುತ್ತಾರೆ. ಇಳಿಯಲು ಹೇಳದ ಹೊರತು ಇಳಿಯಬೇಡಿ. ಇಳಿಯಲೇಬೇಕಾದರೆ ಬಲಬಾಗಿಲು ತೆರೆಯುವ ಮುನ್ನ ಕನ್ನಡಿಯಲ್ಲಿ ಹಿಂದೆ ನೋಡಿ. ತಪ್ಪಿಸಿಕೊಳ್ಳಲೆಂದು ರಿವರ್ಸ್ ತೆಗೆದುಕೊಳ್ಳುವುದಾಗಲಿ, ದ್ವಿಚಕ್ರ ಸವಾರರು ಅಲ್ಲೇ ತಿರುಗಿಸಿ ಎದುರು ದಿಕ್ಕಿನಲ್ಲಿ ನುಗ್ಗುವುದಾಗಲಿ ದಂಡಕ್ಕಿಂತ ಬಹಳ ದೊಡ್ಡ ಬೆಲೆಯನ್ನು ಕೇಳಬಹುದು.

ಫ್ಲೈಓವರಿನ ಮೇಲೆ ಅಥವಾ ಅದರ ಇಳಿಜಾರಿನಲ್ಲಿ ವಾಹನ ತಡೆಯುವುದು ತಪ್ಪು ಜಾಗದ ಆಯ್ಕೆ. ಹೆಬ್ಬಾಳದಂತಹ ಕಡೆ ಮೇಲಿನಿಂದ ಇಳಿದು ಬರುವ ಚಾಲಕನಿಗೆ ಕೆಳಗೆ ನಿಂತವರು ಕಾಣುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಅಂಥಲ್ಲಿ ಕೈ ತೋರಿಸಿದರೆ ಇಂಡಿಕೇಟರ್ ಹಾಕಿ, ಮುಂದೆ ನಿಲ್ಲಿಸುತ್ತೇನೆಂದು ಕೈಸನ್ನೆ ಮಾಡಿ, ನಿಧಾನವಾಗಿ ಕೆಳಗಿಳಿದು ಬೆಳಕಿರುವ ಮೊದಲ ಜಾಗದಲ್ಲಿ ನಿಂತುಕೊಳ್ಳಿ. ಸಮಂಜಸ ಬುದ್ಧಿಯ ಯಾವ ಅಧಿಕಾರಿಯೂ ಇದನ್ನು ಪರಾರಿ ಎನ್ನುವುದಿಲ್ಲ.

ಪ್ರಶ್ನೆ: ಹೆಲ್ಮೆಟ್ ಇಲ್ಲದವರನ್ನು ಹಿಡಿಯಲು ಪೊಲೀಸರು ಮರದ ಮರೆಯಿಂದಲೋ ಮೆಟ್ರೊ ಕಂಬದ ಮರೆಯಿಂದಲೋ ದಿಢೀರನೆ ಬೈಕಿನ ಮುಂದೆ ಬಂದು ಕೀಲಿ ಕಿತ್ತುಕೊಳ್ಳುತ್ತಾರೆ. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ? ಅಪಾಯವನ್ನು ಅವರೇ ಮೈಮೇಲೆ ಎಳೆದುಕೊಂಡಂತಲ್ಲವೇ?
— ಪದವಿ ವಿದ್ಯಾರ್ಥಿ, ವಿಜಯನಗರ

ಉತ್ತರ: ನಿಮ್ಮ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕಾಯ್ದೆ ನಿರ್ದಿಷ್ಟ ಸಂದರ್ಭಗಳಲ್ಲಿ ವಾಹನವನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಕೊಡುತ್ತದೆ. ಓಡುತ್ತಿರುವ ಗಾಡಿಯ ಕೀಲಿಗೆ ಕೈ ಹಾಕುವ ಅಧಿಕಾರವನ್ನು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಹ್ಯಾಂಡಲಿಗೆ ಕೈ ಹಾಕಿದ ಕ್ಷಣದಿಂದ ಬೈಕಿನ ತೂಕವೂ ಸವಾರನ ಗಾಬರಿಯೂ ಆ ಪೊಲೀಸ್ ಸಿಬ್ಬಂದಿಯ ತೋಳಿಗೇ ಬರುತ್ತದೆ. ಸವಾರ ಹೆದರಿ ಆಕ್ಸಿಲರೇಟರ್ ತಿರುಗಿಸಿದರೆ ಇಬ್ಬರೂ ರಸ್ತೆಯ ಮಧ್ಯಕ್ಕೆ ಬೀಳುತ್ತಾರೆ.

2022ರ ಜೂನ್ ತಿಂಗಳಲ್ಲೇ ಆಗಿನ ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಕೇವಲ ದಾಖಲೆ ಪರಿಶೀಲನೆಗಾಗಿ ವಾಹನ ತಡೆಯಬಾರದೆಂದೂ, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತೆಂದೂ ತಿಳಿಸಿದ್ದರು. ಆಮೇಲೆ 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ನಾಯಿ ಕಚ್ಚಿದ ಪುಟ್ಟ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆತಾಯಿಯ ಬೈಕನ್ನು ಸಂಚಾರ ಪೊಲೀಸರು ತಡೆದಾಗ ಬೈಕ್ ಉರುಳಿ, ಹಿಂದಿನಿಂದ ಬಂದ ವಾಹನ ಹರಿದು ಮಗು ಅಲ್ಲೇ ತೀರಿಕೊಂಡಿತು. ಮೂವರು ಎ.ಎಸ್.ಐ.ಗಳು ಅಮಾನತಾದರು. ಯಲಹಂಕದ ತಾಯಿಗೆ ಬರೆದದ್ದನ್ನು ಇಲ್ಲಿ ಮತ್ತೆ ಗಮನಿಸಿ: ಕೊಂದದ್ದು ಹಿಂದಿನಿಂದ ಬಂದ ಗಾಡಿ. ಆ ಗಾಡಿ ನಿಂತವರಿಗೂ ನಿಲ್ಲಿಸಿದವರಿಗೂ ಭೇದ ಮಾಡುವುದಿಲ್ಲ.

ಅದಾದ ಮೇಲೆ, ಹಿಂದೆ ಬೆಂಗಳೂರಿನ ಸಂಚಾರ ವಿಭಾಗವನ್ನು ಮುನ್ನಡೆಸಿದ್ದ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಅವರು ರಾಜ್ಯದಾದ್ಯಂತ ಅನ್ವಯಿಸುವ ಸೂಚನೆಗಳನ್ನು ಹೊರಡಿಸಿದರು. ದಿಢೀರನೆ ವಾಹನದ ಮುಂದೆ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಹಿಡಿದೆಳೆಯಬಾರದು, ವೇಗವಾಗಿ ತಪ್ಪಿಸಿಕೊಂಡು ಹೋಗುವವರನ್ನು ಬೆನ್ನಟ್ಟುವ ಬದಲು ನೋಂದಣಿ ಸಂಖ್ಯೆ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಸಾರ್ವಜನಿಕರ ಹಿತಕ್ಕಾಗಿ ಬರೆದ ಈ ಸೂಚನೆಗಳನ್ನು ನಾನು ಪೊಲೀಸರ ಜೀವರಕ್ಷಣೆಯ ಸೂಚನೆಗಳೆಂದೇ ಓದುತ್ತೇನೆ. ದಿನಕ್ಕೆ ಇಷ್ಟು ಪ್ರಕರಣ ದಾಖಲಾಗಬೇಕೆಂಬ ಒತ್ತಡವಿರುವ ಕಡೆ ಇವು ಕಾಗದದಲ್ಲೇ ಉಳಿಯುತ್ತವೆ. ಅದನ್ನು ಬದಲಿಸಬೇಕಾದವರು ರಸ್ತೆಯಲ್ಲಿ ನಿಂತ ಕಾನ್‌ಸ್ಟೆಬಲ್ ಅಲ್ಲ, ಅವರಿಗೆ ಗುರಿ ನಿಗದಿಪಡಿಸುವ ಮೇಲಿನವರು.

ಪ್ರಶ್ನೆ: ಮಗನ ಮನೆಗೆ ಅಮೆರಿಕಕ್ಕೆ ಹೋಗಿದ್ದಾಗ, ರಸ್ತೆಬದಿಯಲ್ಲಿ ಪೊಲೀಸ್ ಕಾರು ದೀಪ ಮಿನುಗಿಸುತ್ತಾ ನಿಂತಿದ್ದರೆ ಹಿಂದಿನಿಂದ ಬರುವವರೆಲ್ಲರೂ ಪಕ್ಕದ ಲೇನಿಗೆ ಸರಿಯುವುದನ್ನು ಕಂಡೆ. ಇದು ಸೌಜನ್ಯವೋ ಕಾನೂನೋ? ನಮ್ಮಲ್ಲಿ ಏಕಿಲ್ಲ?
— ನಿವೃತ್ತ ಶಿಕ್ಷಕರು, ಮಲ್ಲೇಶ್ವರ

ಉತ್ತರ: ಕಾನೂನೇ ಸ್ವಾಮಿ. ಅಲ್ಲಿ ಅದಕ್ಕೆ ‘ಮೂವ್ ಓವರ್’ ಕಾನೂನು ಎನ್ನುತ್ತಾರೆ. 1996ರಲ್ಲಿ ಸೌತ್ ಕ್ಯಾರೊಲಿನಾ ರಾಜ್ಯ ಇದನ್ನು ಮೊದಲು ತಂದಿತು; 2012ರ ಹೊತ್ತಿಗೆ ಹವಾಯಿಯೂ ಸೇರಿ ಐವತ್ತು ರಾಜ್ಯಗಳಲ್ಲಿಯೂ ಜಾರಿಗೆ ಬಂತು. ರಸ್ತೆಬದಿಯಲ್ಲಿ ದೀಪ ಮಿನುಗಿಸುತ್ತಾ ನಿಂತ ಪೊಲೀಸ್ ವಾಹನವನ್ನೋ ಆಂಬ್ಯುಲೆನ್ಸನ್ನೋ ಕಂಡರೆ ಒಂದು ಲೇನ್ ಬಿಟ್ಟು ಸರಿಯಬೇಕು, ಸರಿಯಲಾಗದಿದ್ದರೆ ವೇಗ ತಗ್ಗಿಸಬೇಕು ಎಂಬುದೇ ಅದರ ತಿರುಳು. ಅಲ್ಲಿಯೂ ಗಾಡಿಯನ್ನು ನಿಲ್ಲಿಸುವ ಬದಿಗೆ ಚಾಲಕನ ಕಿಟಕಿ ವಿರುದ್ಧವಾಗಿ, ಅಂದರೆ ಸಂಚಾರದ ಕಡೆಗೇ ಇರುತ್ತದೆ. ಹಾಗಾಗಿ ಅವರದೂ ನಮ್ಮದೂ ಒಂದೇ ಸಮಸ್ಯೆ, ಬದಿ ಮಾತ್ರ ಅದಲುಬದಲು.

ನಮ್ಮ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಇ ಕಲಂ, ಹಿಂದಿನಿಂದ ಬರುವ ಆಂಬ್ಯುಲೆನ್ಸ್ ಅಥವಾ ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಅದು ಓಡುತ್ತಿರುವ ವಾಹನಕ್ಕೆ ಸಂಬಂಧಿಸಿದ್ದು. ನಿಂತು ಕೆಲಸ ಮಾಡುತ್ತಿರುವವರ ಪಕ್ಕದಲ್ಲಿ ಹಾದುಹೋಗುವಾಗ ಹೇಗೆ ಹೋಗಬೇಕೆಂಬ ಇಂಥ ಪ್ರತ್ಯೇಕ ಕಲಂ ನಮಗೂ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೇನ್ ಎಂಬುದೇ ಕಾಣದ ನಗರದ ಒಳರಸ್ತೆಗಳಲ್ಲಿ ಅದು ನಡೆಯಲಿಕ್ಕಿಲ್ಲ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆ, ತುಮಕೂರು ರಸ್ತೆ, ಹೊಸೂರು ರಸ್ತೆಗಳಲ್ಲಿ ನಡೆಯುತ್ತದೆ. ಕನಿಷ್ಠ ವೇಗವನ್ನಾದರೂ ತಗ್ಗಿಸಲಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಬಡಿದಾಗ ಇರುವ ಸಾವಿನ ಸಂಭವ 65ರ ವೇಗದಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿನೈದು ಕಿಲೋಮೀಟರ್ ವೇಗ ತಗ್ಗಿಸಲು ಬೇಕಾದದ್ದು ಬ್ರೇಕಿನ ಮೇಲೆ ಒಂದು ಮೆಲುವಾದ ಒತ್ತು.

ಪ್ರಶ್ನೆ: ಊರೆಲ್ಲ ಕ್ಯಾಮೆರಾ ಇರುವಾಗ ರಸ್ತೆಯಲ್ಲಿ ನಿಂತು ತಡೆಯುವುದಾದರೂ ಏಕೆ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಬಹುಪಾಲು ಬೇಕಿಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಮತ್ತು ಕೆಂಪುದೀಪ ದಾಟಿದವರನ್ನು ಗುರುತಿಸುವ ಕ್ಯಾಮೆರಾಗಳ ವ್ಯವಸ್ಥೆ ಆರಂಭವಾಯಿತು. ಹೆಲ್ಮೆಟ್, ಸಿಗ್ನಲ್, ವೇಗದಂಥ ಉಲ್ಲಂಘನೆಗಳಿಗೆ ಒಬ್ಬ ಮನುಷ್ಯ ಓಡುವ ಗಾಡಿಯ ಮುಂದೆ ಕೈಯೊಡ್ಡುವ ಅಗತ್ಯ ದಿನದಿನಕ್ಕೆ ಕಡಿಮೆಯಾಗುತ್ತಿರುವುದು ನನಗೆ ನೆಮ್ಮದಿ ತರುವ ಸಂಗತಿ. ಆದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯವಿರುವವನನ್ನು ಕಂಬದ ಮೇಲಿನ ಕ್ಯಾಮೆರಾ ಕಂಡುಹಿಡಿಯಲಾರದು, ಅವನು ಮನೆ ತಲುಪುವಷ್ಟರಲ್ಲಿ ಯಾರನ್ನು ಗುದ್ದುತ್ತಾನೋ ಎಂದು ಅದು ಅವನನ್ನು ತಡೆಯಲೂ ಆರದು. ಆ ಒಂದು ಕೆಲಸಕ್ಕೆ ಮನುಷ್ಯರು ರಸ್ತೆಗೆ ಇಳಿಯಲೇಬೇಕು.

ಪ್ರಶ್ನೆ: ಪೊಲೀಸರನ್ನು ಬಾನೆಟ್ ಮೇಲೆ ಹೊತ್ತುಕೊಂಡೇ ಕಾರು ಓಡಿಸುವ ವಿಡಿಯೊಗಳನ್ನು ನೋಡುತ್ತೇವೆ. ಅಂಥವರಿಗೆ ಶಿಕ್ಷೆ ಏನು?
— ವ್ಯಾಪಾರಿ, ಚಾಮರಾಜಪೇಟೆ

ಉತ್ತರ: ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲಿನ ಹಲ್ಲೆಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಂ ಅನ್ವಯಿಸುತ್ತದೆ. ಜನರ ಬಾಯಲ್ಲಿ ಇನ್ನೂ ‘353’ ಎಂದೇ ಇರುವ ಹಳೆಯ ಕಲಮಿನ ಸ್ಥಾನದಲ್ಲಿ ಬಂದಿರುವ ಇದರಡಿ ಎರಡು ವರ್ಷದವರೆಗೆ ಸೆರೆವಾಸವಿದೆ. ಗಾಯವಾದರೆ 121ನೆಯ ಕಲಮಿನಂತೆ ಐದು ವರ್ಷದವರೆಗೆ, ಗಾಯ ತೀವ್ರವಾಗಿದ್ದರೆ ಕನಿಷ್ಠ ಒಂದು ವರ್ಷದಿಂದ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದು. ಬಾನೆಟ್ ಮೇಲೆ ಮನುಷ್ಯ ಇರುವುದು ಗೊತ್ತಿದ್ದೂ ಓಡಿಸಿದರೆ ಕೊಲೆ ಯತ್ನದ 109ನೆಯ ಕಲಮೂ ಸೇರಬಹುದು. ಕೆಲವು ನೂರು ರೂಪಾಯಿಯ ದಂಡ ತಪ್ಪಿಸಲು ಹೋಗಿ ಜೀವನವನ್ನೇ ಹಾಳುಮಾಡಿಕೊಂಡವರನ್ನು ನಾನು ಠಾಣೆಯ ಬೆಂಚಿನ ಮೇಲೆ ಕಂಡಿದ್ದೇನೆ. ಬೆಳಗಾದ ಮೇಲೆ ಅವರಲ್ಲಿ ಹೆಚ್ಚಿನವರು ಕೇಳುತ್ತಿದ್ದುದು, ಆ ಪೊಲೀಸರು ಹೇಗಿದ್ದಾರೆ ಎಂದೇ.

ಪೊಲೀಸರಿಗೂ ಒಂದು ಮಾತು ಸಲ್ಲುತ್ತದೆ: ಹೊರಡಲು ಸಿದ್ಧವಾಗಿರುವ ಕಾರಿನ ಮುಂದೆ ಅಡ್ಡ ನಿಲ್ಲಬೇಡಿ. ಅದರ ನಂಬರ್ ನಿಮ್ಮ ಕಣ್ಣ ಮುಂದೆಯೇ ಇದೆ, ನೀವು ಧರಿಸಿದ ಬಾಡಿ ಕ್ಯಾಮೆರಾದಲ್ಲಿಯೂ ಇದೆ. ಓಡಿಹೋದ ಕಾರನ್ನು ನಾಳೆ ಅದರ ಮನೆಯ ಮುಂದೆಯೇ ಹಿಡಿಯಬಹುದು.

ಪ್ರಶ್ನೆ: ತಪಾಸಣೆಯ ಜಾಗಕ್ಕೆ ಬಂದಾಗ ಹೆಡ್‌ಲೈಟ್ ಆರಿಸಬೇಕೆ?
— ಆಟೊ ಚಾಲಕರು, ಕೆಂಗೇರಿ

ಉತ್ತರ: ಪೂರ್ತಿ ಆರಿಸಬೇಡಿ, ಹಿಂದಿನವರಿಗೆ ನಿಮ್ಮ ಗಾಡಿ ಕಾಣುವುದಿಲ್ಲ. ದೂರದಲ್ಲಿ ಕೆಂಪು ಬ್ಯಾಟನ್ ಆಡುವುದು ಕಂಡ ಕೂಡಲೇ ಡಿಪ್ ಮಾಡಿ. ಹೈ ಬೀಮ್ ಕಣ್ಣಿಗೆ ಹೊಡೆದರೆ ಎದುರು ನಿಂತವರಿಗೆ ಕೆಲವು ಸೆಕೆಂಡುಗಳ ಕಾಲ ಏನೂ ಕಾಣುವುದಿಲ್ಲ, ನಿಮ್ಮ ಆಟೊ ದಾಟಿದ ಮೇಲೂ ಕಣ್ಣು ಹೊಂದಿಕೊಳ್ಳುವವರೆಗೆ ಅವರು ಕುರುಡರಂತೆ ನಿಂತಿರುತ್ತಾರೆ, ಮತ್ತು ನಿಮ್ಮ ಹಿಂದೆ ಇನ್ನೊಂದು ಗಾಡಿ ಬರುತ್ತಿರುತ್ತದೆ.